ನಡೆಯುವಾಗಲ್ಲ, ನಿಂತಾಗ ಚಳಿ

"ಬೇಸಿಗೆಯಲ್ಲಿ ತಾನೇ ಹೋಗೋದು, ಅಷ್ಟೊಂದು ಸ್ವೆಟರ್ ಯಾಕೆ?"

ಹಿಮಾಲಯಕ್ಕೆ ಮೊದಲ ಸಲ ಹೊರಟವರು ಕೇಳೋ ಪ್ರಶ್ನೆ ಇದು. ಮೂರು ಸಲ ಹೋಗಿ ಬಂದಿದ್ದೀನಿ ಅನ್ನೋ ಕಾರಣಕ್ಕೆ ಆಫೀಸಿನಲ್ಲಿ ಈ ಪ್ರಶ್ನೆ ನನ್ನ ಮೇಜಿಗೇ ಬರುತ್ತೆ. ಕೇಳೋದರಲ್ಲಿ ತಪ್ಪೇನೂ ಇಲ್ಲ. ನಮ್ಮ ಊರು ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಊರು, ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಚಪ್ಪಲಿಯೇ ಬಿಸಿಯಾಗೋ ಊರು. ಅಂಥ ಕಡೆ ಬೆಳೆದವರಿಗೆ 'ಬೇಸಿಗೆ' ಅಂದ ಕೂಡಲೇ ಕಣ್ಣ ಮುಂದೆ ಬರೋದು ಮಡಕೆ ನೀರು, ಮಜ್ಜಿಗೆ, ಫ್ಯಾನು. ಬೆಟ್ಟದ ಬೇಸಿಗೆ ಅಂದರೆ ಹಿಮ ಕರಗಿ ದಾರಿ ಕಾಣಿಸುತ್ತೆ ಅಂತ ಅಷ್ಟೇ ಅರ್ಥ. ಬೆಚ್ಚಗಿರುತ್ತೆ ಅಂತ ಅಲ್ಲ.

ಒಂದು ಸಣ್ಣ ಲೆಕ್ಕ ನೋಡಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ನೀವು ಬಸ್ಸಿಂದ ಇಳಿಯೋ ಮನಾಲಿಯೇ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಹೊರಡೋ ಹಂಪ್ತಾ ಪಾಸ್ ಸುಮಾರು 4,270 ಮೀಟರ್. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ. ಅಂದರೆ ಮನಾಲಿಗೂ ಪಾಸ್‌ಗೂ ಹತ್ತಿರ ಹತ್ತಿರ 14 ಡಿಗ್ರಿ ವ್ಯತ್ಯಾಸ. ಜೂನ್‌ನಲ್ಲಿ ಮನಾಲಿಯ ಮಾಲ್ ರೋಡಿನಲ್ಲಿ ಟೀ-ಶರ್ಟ್ ಹಾಕಿಕೊಂಡು ಐಸ್‌ಕ್ರೀಂ ತಿಂದವರು, ಮೂರು ದಿನ ಬಿಟ್ಟು ಮೇಲೆ ಟೆಂಟಿನೊಳಗೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಮಲಗಬೇಕಾಗುತ್ತೆ. ಇದಕ್ಕೆ ಗಾಳಿಯನ್ನೂ ಮಳೆಯನ್ನೂ ಇನ್ನೂ ಸೇರಿಸಿಲ್ಲ.

ಅಮ್ಮನ ಷರತ್ತು

ಕಳೆದ ಜೂನ್‌ನಲ್ಲಿ ನಾನು, ನನ್ನ ತಮ್ಮ ಇಬ್ಬರೂ ಹಂಪ್ತಾ ಪಾಸ್‌ಗೆ ಹೊರಟೆವು. ಅವನಿಗೆ 25, ಬೆಂಗಳೂರಿನಲ್ಲಿ ಮೊದಲ ಕೆಲಸ, ಮೊದಲ ಹಿಮಾಲಯ. ಮನೆಯಲ್ಲಿ ಹೇಳಿದಾಗ ಅಪ್ಪ ಸುಮ್ಮನಿದ್ದರು. ಅಮ್ಮ ಮಾತ್ರ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಹೋದ ವರ್ಷದ ಹಿಂದಿನ ವರ್ಷ ಟಿ.ವಿ.ಯಲ್ಲಿ ಬಂದಿತ್ತಲ್ಲ, ಅದೇ ತಾನೇ ಇದು?" ಅಂದಳು.

ಅದೇ ದಾರಿ ಅಲ್ಲ. ಆದರೆ ಅವಳು ಯಾವುದರ ಮಾತು ಆಡ್ತಿದ್ದಾಳೆ ಅಂತ ಗೊತ್ತಾಯ್ತು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕು ಕರ್ನಾಟಕದಿಂದ ಹೋಗಿದ್ದ ಚಾರಣ ತಂಡದ 9 ಮಂದಿ ತೀರಿಕೊಂಡಿದ್ದರು. ಇಲ್ಲಿ ನಾವು ಸೆಕೆಗೆ ಬೇಯ್ತಿದ್ದ ದಿನಗಳಲ್ಲೇ ಅಲ್ಲಿ ನಮ್ಮವರು ಚಳಿಗೆ ಸಿಕ್ಕಿದ್ದರು. ಮನೆಯಲ್ಲಿ ಆರಾಮಾಗಿ ಕೂತು 'ಅವರು ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು' ಅಂತ ಹೇಳೋ ಹಕ್ಕು ನನಗಿಲ್ಲ. ಅಂಥ ಗಾಳಿಯ ಮುಂದೆ ಯಾವ ಸಿದ್ಧತೆಯೂ ಸಾಲದೇ ಹೋಗಬಹುದು. ನನಗೆ ಉಳಿದಿದ್ದು ಒಂದೇ: ನನ್ನ ಕೈಯಲ್ಲಿರೋ ಪಾಲನ್ನು ಸರಿಯಾಗಿ ಮಾಡೋದು.

ಅಮ್ಮ ಕೊನೆಗೆ ಒಪ್ಪಿದಳು, ಒಂದೇ ಷರತ್ತಿನ ಮೇಲೆ. "ಕರ್ಕೊಂಡು ಹೋಗೋಳು ನೀನು. ಹೆಂಗೆ ಕರ್ಕೊಂಡು ಹೋಗ್ತೀಯೋ ಹಂಗೇ ವಾಪಸ್ ತಂದು ಬಿಡು."

17 ಗಂಟೆಗಳ ಲೆಕ್ಕ

ಹೊರಡೋ ಹಿಂದಿನ ಭಾನುವಾರ ನನ್ನ ಮನೆಯ ಹಾಲ್ ತುಂಬಾ ಬಟ್ಟೆ ಹರಡಿಕೊಂಡು ಕೂತೆವು. ತಮ್ಮ ಕಡಿಮೆ ತೂಕದಲ್ಲಿ ಚಾರಣ ಮಾಡೋರ ವಿಡಿಯೊಗಳನ್ನು ತುಂಬಾ ನೋಡಿದ್ದ. ಹಲ್ಲುಜ್ಜೋ ಬ್ರಷ್ಷಿನ ಹಿಡಿಯನ್ನೂ ಮುರಿದು ತೂಕ ಉಳಿಸ್ತಾರಂತೆ. ಅವನ ವಾದ ಸರಳ. "ಅಕ್ಕ, ಬೆಟ್ಟ ಹತ್ತುವಾಗ ಬೆವರು ಸುರಿಯುತ್ತೆ. ಒಂದು ಜಾಕೆಟ್ ಸಾಕು. ಇಷ್ಟೆಲ್ಲ ಹೊತ್ತುಕೊಂಡು ಯಾರು ಹತ್ತೋದು?"

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಹತ್ತುವಾಗ ನಮ್ಮ ಮೈಯೇ ಒಂದು ಒಲೆ. ಒಂದು ತೆಳು ಅಂಗಿ ಸಾಕಾಗುತ್ತೆ, ಜಾಕೆಟ್ ಹಾಕಿಕೊಂಡು ನಡೆದರೆ ಬೆವರಿಗೆ ಒಳಗಿನ ಬಟ್ಟೆಯೆಲ್ಲ ಒದ್ದೆಯಾಗಿ ತೊಂದರೆಯೇ ಹೆಚ್ಚು. ಆದರೆ ದಿನಕ್ಕೆ ಎಷ್ಟು ಹೊತ್ತು ನಡೀತೀವಿ? ಆರೇಳು ಗಂಟೆ. ಇನ್ನುಳಿದ 17 ಗಂಟೆ ಕೂತಿರ್ತೀವಿ, ನಿಂತಿರ್ತೀವಿ, ಮಲಗಿರ್ತೀವಿ, ಊಟಕ್ಕೆ ಕಾಯ್ತಿರ್ತೀವಿ, ಹಿಂದೆ ಉಳಿದವರಿಗೆ ಕಾಯ್ತಿರ್ತೀವಿ. ಒಲೆ ಆರಿದ ಮೇಲಿನ ಹೊತ್ತು ಅದು. ಬೆಚ್ಚಗಿನ ಬಟ್ಟೆ ಬೇಕಾಗೋದು ಆ 17 ಗಂಟೆಗಳಿಗೆ. ನಾನು ಬ್ಯಾಗ್ ತುಂಬೋದು ನಡೆಯೋ ನನಗಾಗಿ ಅಲ್ಲ, ನಿಂತ ನನಗಾಗಿ.

ಹಾಗಾಗಿ ಮೊದಲು ಹತ್ತಿ ಬಟ್ಟೆಗಳನ್ನೆಲ್ಲ ಒಂದು ಕಡೆ ಸರಿಸಿದೆವು. ಜೀನ್ಸ್, ಹತ್ತಿ ಹೂಡಿ, ಹತ್ತಿ ಸಾಕ್ಸ್, ಎಲ್ಲ. ಹತ್ತಿ ನೀರು ಹೀರಿಕೊಂಡರೆ ಬೇಗ ಒಣಗಲ್ಲ, ಒದ್ದೆ ಬಟ್ಟೆ ಮೈಯ ಶಾಖವನ್ನು ಎಳೆದುಕೊಳ್ತಾನೇ ಇರುತ್ತೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತೆ. ಚಳ್ಳಕೆರೆಯ ಸೆಕೆಗೆ ಹತ್ತಿ ದೇವರು ಕೊಟ್ಟ ವರ. ಅದೇ ಗುಣ ಬೆಟ್ಟದಲ್ಲಿ ಕೈ ಕೊಡುತ್ತೆ.

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕರು. "ಇದಕ್ಕೆ ವಿಡಿಯೊ ನೋಡಬೇಕೇನಮ್ಮ? ನಿಮ್ಮಜ್ಜ ಹೊಲದಲ್ಲಿ ರಾತ್ರಿ ಕಾವಲಿಗೆ ಮಲಗೋರು. ಬೆಳಗ್ಗೆ ನೋಡಿದರೆ ಕಂಬಳಿ ಮೇಲೆಲ್ಲ ಇಬ್ಬನಿ, ಒಳಗೆ ಬೆಚ್ಚಗಿರೋದು. ಪಂಚೆ ಹೊದ್ದುಕೊಂಡು ಮಲಗಿದ್ರೆ ಬದುಕೋರಾ?" ಕುರುಬರು ನೇಯೋ ಕಂಬಳಿಗೆ ಹೆಸರಾದ ಊರಿನಲ್ಲೇ ಹುಟ್ಟಿ, ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತೆ ಅನ್ನೋದನ್ನ ನಾನು ಇಂಟರ್‌ನೆಟ್‌ನಲ್ಲಿ ಓದಿ ಕಲಿತಿದ್ದೆ! ಕಂಬಳಿಯನ್ನೇ ಕಳಿಸ್ತೀನಿ ಅಂದರು ಅಪ್ಪ. ಅದರ ತೂಕ ನೆನೆದು, ಉಣ್ಣೆ ಸಾಕ್ಸ್ ಮತ್ತು ಟೋಪಿಯಲ್ಲೇ ಅವರ ಮಾತು ಉಳಿಸಿಕೊಂಡೆವು.

ಕೊನೆಗೆ ಒಬ್ಬೊಬ್ಬರಿಗೆ ಹೀಗೆ ಜೋಡಿಸಿದೆವು: ಮೈಗಂಟಿದ ಹಾಗೆ ಬೇಗ ಒಣಗೋ ಅಂಗಿ ಎರಡು, ಥರ್ಮಲ್ ಒಂದು ಜೊತೆ, ಫ್ಲೀಸ್ ಎರಡು, ದಪ್ಪ ಜಾಕೆಟ್ ಒಂದು, ಎಲ್ಲದರ ಮೇಲೆ ಗಾಳಿ-ಮಳೆ ತಡೆಯೋ ಜಾಕೆಟ್ ಮತ್ತು ಪ್ಯಾಂಟ್, ಉಣ್ಣೆ ಸಾಕ್ಸ್ ಮೂರು ಜೊತೆ, ಗ್ಲೌಸ್ ಎರಡು ಜೊತೆ, ಕಿವಿ ಮುಚ್ಚೋ ಟೋಪಿ. ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಹಾಕೋದು ಒಳ್ಳೆಯದು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡೋದು. ಸೆಕೆ ಆದರೆ ಒಂದು ತೆಗೀಬಹುದು, ನಿಂತರೆ ಒಂದು ಹಾಕಬಹುದು.

ದುಡ್ಡಿನ ಮಾತೂ ಬರುತ್ತೆ. ಮೊದಲ ಸಂಬಳದ ಹುಡುಗನಿಗೆ ಇದೆಲ್ಲ ಹೊಸದಾಗಿ ಕೊಳ್ಳೋಕೆ ಆಗಲ್ಲ, ಕೊಳ್ಳಲೂ ಬೇಕಾಗಿಲ್ಲ. ದಪ್ಪ ಜಾಕೆಟ್ ಬಾಡಿಗೆಗೆ ಸಿಗುತ್ತೆ. ಫ್ಲೀಸ್ ನನ್ನ ಸಹೋದ್ಯೋಗಿಯದು, ಸಾಲ. ದುಡ್ಡು ಹಾಕಿದ್ದು ಮಳೆ ಜಾಕೆಟ್, ಬೂಟು, ಸಾಕ್ಸ್ ಮೂರಕ್ಕೆ ಮಾತ್ರ. ಜಾಕೆಟ್ ಆರಿಸುವಾಗ ಒಂದು ವಿಷಯ ನೋಡಿಕೊಳ್ಳಿ. ಹಕ್ಕಿ ಪುಕ್ಕ ತುಂಬಿದ ಡೌನ್ ಜಾಕೆಟ್ ಹಗುರ, ತುಂಬಾ ಬೆಚ್ಚಗೆ. ಆದರೆ ನೆನೆದರೆ ಮುದ್ದೆಯಾಗಿ ಬಿಸಿ ಕಳಕೊಳ್ಳುತ್ತೆ. ಸಿಂಥೆಟಿಕ್ ತುಂಬಿದ್ದು ಸ್ವಲ್ಪ ಭಾರ, ಒದ್ದೆಯಾದರೂ ಪೂರ್ತಿ ಕೈ ಬಿಡಲ್ಲ.

ಇನ್ನು ಕೊನೆಯ ನಿಯಮ. ಈ ರಾಶಿಯಿಂದ ಥರ್ಮಲ್ ಜೊತೆ, ಒಂದು ಫ್ಲೀಸ್, ಒಂದು ಜೊತೆ ಸಾಕ್ಸ್, ಟೋಪಿ, ಒಂದು ಜೊತೆ ಗ್ಲೌಸ್ ತೆಗೆದು, ಒಂದರೊಳಗೆ ಒಂದು ಹಾಕಿದ ಎರಡು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ತೂಕ ಹಾಕಿದರೆ 1 ಕೆ.ಜಿ. 100 ಗ್ರಾಂ. ಇದು ಒಣ ಸೆಟ್. ಹಗಲು ಎಷ್ಟೇ ಚಳಿಯಾಗಲಿ ಇದನ್ನು ಮುಟ್ಟೋ ಹಾಗಿಲ್ಲ. ಟೆಂಟ್ ಒಳಗೆ ಹೋದ ಮೇಲೆ ಮಾತ್ರ. ತಮ್ಮ ಮುಖ ಹುಳ್ಳಗೆ ಮಾಡಿಕೊಂಡು, "ಹಾಕಿಕೊಳ್ಳದೇ ಇರೋ ಬಟ್ಟೇನ ಹೊತ್ತುಕೊಂಡು ಹೋಗಬೇಕು" ಅಂದ. ಹೊತ್ತುಕೊಂಡ.

ಪಾಸ್ ದಾಟಿದ ದಿನ

ಜೋಬ್ರಾದಿಂದ ನಡಿಗೆ ಶುರು. ಮೊದಲ ದಿನ ಬರ್ಚ್, ಮೇಪಲ್ ಮರಗಳ ನೆರಳು, ಪಕ್ಕದಲ್ಲಿ ನದಿ, ಚಿಕಾ ಕ್ಯಾಂಪಿನಲ್ಲಿ ಹಿತವಾದ ಬಿಸಿಲು. ತಂಡದಲ್ಲಿ ಎಲ್ಲರೂ ಟೀ-ಶರ್ಟ್. ತಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಎರಡನೇ ದಿನ ಬಾಲು ಕಾ ಘೇರಾ. ಸುಮಾರು 3,600 ಮೀಟರ್. ಅಲ್ಲಿ ಸೂರ್ಯ ಬೆಟ್ಟದ ಹಿಂದೆ ಸರಿದ ಹತ್ತೇ ನಿಮಿಷಕ್ಕೆ ಎಲ್ಲರೂ ಟೆಂಟಿಗೆ ಓಡಿ ಇದ್ದಬದ್ದದ್ದೆಲ್ಲ ಹಾಕಿಕೊಂಡು ಬಂದರು. ಹುಬ್ಬು ಹಾರಿಸೋದು ನಿಂತಿತ್ತು.

ಅಲ್ಲೇ ಗದ್ದಿ ಕುರಿಗಾಹಿಗಳು ಕಾಣಿಸಿದರು. ಬೇಸಿಗೆಯಲ್ಲಿ ಕುರಿ ಹಿಂಡು ಹೊಡೆದುಕೊಂಡು ಇದೇ ಪಾಸ್ ದಾಟಿ ಲಾಹೌಲ್ ಕಡೆಯ ಹುಲ್ಲುಗಾವಲಿಗೆ ಹೋಗೋರು. ಅವರಲ್ಲಿ ಒಬ್ಬ ಮುದುಕರು ಉಣ್ಣೆಯ ದಪ್ಪ ನಿಲುವಂಗಿ ಹಾಕಿ, ಸೊಂಟಕ್ಕೆ ಉಣ್ಣೆಯ ಹಗ್ಗವನ್ನು ಸುತ್ತು ಸುತ್ತಾಗಿ ಬಿಗಿದುಕೊಂಡಿದ್ದರು. ನಿಲುವಂಗಿಗೆ ಚೋಲಾ, ಹಗ್ಗಕ್ಕೆ ಡೋರಾ ಅಂತ ಹೆಸರು. ತಮ್ಮ ಅವರನ್ನೇ ನೋಡ್ತಾ, "ಅಜ್ಜನ ಕಂಬಳಿ ಕೊಪ್ಪೆ ಥರಾನೇ ಅಲ್ವಾ ಅಕ್ಕ?" ಅಂದ.

ಮೂರನೇ ದಿನ ಪಾಸ್. ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಒಂಬತ್ತರ ಹೊತ್ತಿಗೆ ಮೋಡ, ಹತ್ತಕ್ಕೆ ಮಳೆ, ಮೇಲೇರಿದಂತೆ ಮಳೆಯ ಜೊತೆ ಹಿಮದ ಚೂರು. ಗಾಳಿಯಂತೂ ಮುಖಕ್ಕೆ ಹೊಡೆದ ಹಾಗೆ. ನಡೀತಾ ಇರೋವರೆಗೂ ಯಾರಿಗೂ ಏನೂ ಅನ್ನಿಸಲಿಲ್ಲ. ಪಾಸ್ ಮುಟ್ಟಿದೆವು, ಕೂಗಿದೆವು, ಫೋಟೊ ತೆಗೆದೆವು. ಆಮೇಲೆ ನಿಂತೆವು. ಆ ಕಡೆಯ ಇಳಿಜಾರಿನಲ್ಲಿ ಗಟ್ಟಿ ಹಿಮ. ಗೈಡ್ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸ್ತಿದ್ದರು. 16 ಜನರ ಸರದಿ. ನಲವತ್ತು ನಿಮಿಷ.

ನಮ್ಮ ಮುಂದೆ ಇದ್ದದ್ದು ಹುಬ್ಬಳ್ಳಿಯ ಹುಡುಗಿ. ಪುಣೆಯಲ್ಲಿ ಕೆಲಸ. ಕನ್ನಡದವರು ಅಂತ ಗೊತ್ತಾದ ಮೊದಲ ದಿನದಿಂದ ನಮ್ಮ ಜೊತೇನೇ ಇದ್ದಳು, ಬಾಯಿ ಮುಚ್ಚದ ಮಾತುಗಾರ್ತಿ. ಅವಳ ತೆಳು ಪಾಂಚೊ ಗಾಳಿಗೆ ಹರಿದು ಹೆಗಲ ಮೇಲೆ ಪಟಪಟ ಅಂತಿತ್ತು. ಅವಳು ಮಾತಾಡ್ತಿಲ್ಲ ಅಂತ ಮೊದಲು ಗಮನಿಸಿದ್ದು ತಮ್ಮ. "ಏನಾಯ್ತು?" ಅಂದರೆ, "ಏನೂ ಆಗಿಲ್ರಿ, ಆರಾಮ ಇದೀನ್ರಿ" ಅಂದಳು. ಆ ನಾಲ್ಕು ಪದ ಒಂದಕ್ಕೊಂದು ಅಂಟಿಕೊಂಡು ಬಂದವು. ಗ್ಲೌಸ್ ಕಳಚಿ ಬಿದ್ದಿದ್ದರೂ ಎತ್ತಿಕೊಂಡಿರಲಿಲ್ಲ. ಬ್ಯಾಗಿನ ಬಕಲ್ ಹಾಕೋಕೆ ಬೆರಳು ಬಗ್ಗುತ್ತಿರಲಿಲ್ಲ. ಮೈಯೆಲ್ಲ ನಡುಗ್ತಿತ್ತು.

ಮೈಯ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದನ್ನು ಹೈಪೊಥರ್ಮಿಯಾ ಅಂತಾರೆ. ಅಲ್ಲಿ ಥರ್ಮಾಮೀಟರ್ ಹಿಡಿದು ನೋಡೋರು ಯಾರು? ಕಣ್ಣಲ್ಲೇ ನೋಡಬೇಕು: ಮಾತು ತೊದಲೋದು, ಕೈಯಿಂದ ವಸ್ತು ಜಾರೋದು, ಕಾಲು ಎಡವೋದು, ಸುಮ್ಮನೆ ಸಿಡುಕೋದು ಇಲ್ಲಾ ಮಂಕಾಗೋದು. ಚಳಿ ಮೊದಲು ತಿನ್ನೋದು ತಿಳಿವಳಿಕೆಯನ್ನೇ, ಹಾಗಾಗಿ ಆದವರಿಗೇ ಅದು ಗೊತ್ತಾಗಲ್ಲ. 'ನಾನು ಸರಿಯಾಗಿದ್ದೀನಿ' ಅಂತಾನೇ ಹೇಳ್ತಾರೆ. ನಡುಕ ಇರೋವರೆಗೂ ಮೈ ಹೋರಾಡ್ತಿದೆ ಅಂತ ಅರ್ಥ. ಬಿಸಿಯಾಗದೇನೇ ನಡುಕ ನಿಂತುಹೋದರೆ ಅದು ನಿಜವಾದ ಅಪಾಯ.

ಗೈಡ್ ಓಡಿ ಬಂದರು. ಗಾಳಿಗೆ ಮರೆಯಾಗಿದ್ದ ಬಂಡೆಯ ಹಿಂದೆ ಕೂರಿಸಿ, ಕೆಳಗೆ ಬ್ಯಾಗ್ ಹಾಸಿ, ಒಣಗಿದ ಬಟ್ಟೆ ತೆಗೀರಿ ಅಂದರು. ಅವಳ ಬ್ಯಾಗ್ ಬಿಚ್ಚಿದರೆ ಜಾಕೆಟ್, ಸ್ವೆಟರ್, ಶಾಲು, ಎಲ್ಲ ಇತ್ತು. ಎಲ್ಲ ನೆನೆದಿತ್ತು. ಹೊರಗಿನ ರೇನ್ ಕವರ್ ಗಾಳಿಗೆ ಯಾವಾಗಲೋ ಹಾರಿಹೋಗಿತ್ತು, ಒಳಗೆ ಪ್ಲಾಸ್ಟಿಕ್ ಇರಲಿಲ್ಲ.

ತಮ್ಮ ಆಗಲೇ ತನ್ನ ಬ್ಯಾಗಿನ ತಳಕ್ಕೆ ಕೈ ಹಾಕಿ ಆ ಚೀಲ ಹೊರಗೆ ತೆಗೆದಿದ್ದ.

ನಿಜ ಹೇಳ್ತೀನಿ, 'ಕೊಡು' ಅನ್ನೋ ಮಾತು ನನ್ನ ಬಾಯಿಂದ ತಕ್ಷಣ ಬರಲಿಲ್ಲ. ಇನ್ನೂ ಮೂರು ಗಂಟೆ ಇಳಿಯೋದಿತ್ತು. ರಾತ್ರಿ ಶಿಯಾ ಗೋರು ಕ್ಯಾಂಪಿನಲ್ಲಿ ಬಾಲು ಕಾ ಘೇರಾಗಿಂತ ಹೆಚ್ಚು ಚಳಿ ಅಂತ ಹೇಳಿದ್ದರು. ಅವನ ಮೈಮೇಲಿನ ಬಟ್ಟೆಯೂ ಅರ್ಧ ಒದ್ದೆ. ಆ ಚೀಲ ಕೊಟ್ಟರೆ ಅವನಿಗೆ ಒಣಗಿದ್ದು ಏನೂ ಉಳಿಯಲ್ಲ. 'ಹಂಗೇ ವಾಪಸ್ ತಂದು ಬಿಡು' ಅಂದಿದ್ದು ಅವನನ್ನ, ಬೇರೆ ಯಾರನ್ನೂ ಅಲ್ಲ. ಆದರೆ ಹುಬ್ಬಳ್ಳಿಯಲ್ಲಿ ಆ ಹುಡುಗಿಗೂ ಒಬ್ಬರು ಅಮ್ಮ ಇದ್ದಾರೆ, ಅವರೂ ಅದೇ ಟಿ.ವಿ. ನೋಡಿರ್ತಾರೆ.

"ಪೂರ್ತಿ ಕೊಡಬೇಡ, ತಡಿ" ಅಂತ ನನ್ನ ಚೀಲವನ್ನೂ ಬಿಚ್ಚಿದೆ. ಎರಡು ಸೆಟ್, ಮೂರು ಜನ. ನನ್ನ ಥರ್ಮಲ್ ಅವಳ ಅಳತೆಗೆ ಸರಿಹೋಗುತ್ತೆ, ಅದು ಅವಳಿಗೆ. ತಮ್ಮನ ಫ್ಲೀಸ್, ಅವನ ಟೋಪಿ, ನನ್ನ ಗ್ಲೌಸ್ ಅವಳಿಗೆ. ಅವನ ಥರ್ಮಲ್, ಸಾಕ್ಸ್ ಅವನಿಗೇ ಉಳಿಯಲಿ, ನನ್ನ ಫ್ಲೀಸ್ ನನಗೆ. ನಾನು ಮತ್ತು ಇನ್ನೊಬ್ಬ ಹುಡುಗಿ ಟಾರ್ಪಾಲ್ ಅಡ್ಡ ಹಿಡಿದು ಅವಳ ಒದ್ದೆ ಬಟ್ಟೆಯನ್ನೆಲ್ಲ ತೆಗೆದು, ಒಣಗಿದ್ದು ಹಾಕಿ, ಮೇಲೆ ಗೈಡ್ ಕೊಟ್ಟ ಮಳೆ ಜಾಕೆಟ್ ಹಾಕಿದೆವು. ಕೈ ಉಜ್ಜೋಕೆ ಹೋದ ಒಬ್ಬರನ್ನು ಗೈಡ್ ತಡೆದರು. ಉಜ್ಜಬಾರದು, ಬ್ರಾಂದಿ ಕೊಡಬಾರದು. ಫ್ಲಾಸ್ಕಿನಲ್ಲಿ ಉಳಿದಿದ್ದ ಬಿಸಿ ನೀರಿಗೆ ಸಕ್ಕರೆ ಕದಡಿ ಗುಟುಕು ಗುಟುಕಾಗಿ ಕುಡಿಸಿದರು. ನಡುಕ ಸ್ವಲ್ಪ ಹತೋಟಿಗೆ ಬಂದು ಮಾತು ಬಿಡಿಸಿಕೊಂಡ ಮೇಲೆ ಒಬ್ಬರು ಮುಂದೆ, ಒಬ್ಬರು ಹಿಂದೆ ಹಿಡಿದುಕೊಂಡು ಎಲ್ಲರಿಗಿಂತ ಮೊದಲು ಅವಳನ್ನು ಇಳಿಸಿದರು.

ಕ್ಯಾಂಪಿನಲ್ಲಿ ಎರಡು ಮ್ಯಾಟ್ ಹಾಸಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಕಂಕುಳಲ್ಲಿ ಇಟ್ಟೆವು. ಮ್ಯಾಟ್ ಮುಖ್ಯ. ಮೇಲೆ ಎಷ್ಟು ಹೊದ್ದರೂ ತಣ್ಣಗಿನ ನೆಲ ಕೆಳಗಿಂದ ಶಾಖ ಎಳೆದುಕೊಳ್ಳುತ್ತೆ. ಕತ್ತಲಾಗೋ ಹೊತ್ತಿಗೆ ಸೂಪ್ ಕೇಳಿದಳು. ಆಮೇಲೆ ಮೆಲ್ಲಗೆ, "ಎಲ್ಲಾ ತಂದಿದ್ದೆ ಅಕ್ಕಾ. ಒಣಗಿದ್ದು ಒಂದೂ ಉಳಿಲಿಲ್ಲ ನೋಡ್ರಿ" ಅಂದಳು.

ಆ ರಾತ್ರಿ ತಮ್ಮ ನನ್ನ ದಪ್ಪ ಜಾಕೆಟನ್ನೂ ತನ್ನದನ್ನೂ ಒಂದರ ಮೇಲೊಂದು ಹಾಕಿ, ಮೊಬೈಲ್ ಮತ್ತು ಒದ್ದೆ ಸಾಕ್ಸನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿದ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಮೈ ಬಿಸಿಗೆ ಸಾಕ್ಸ್ ಒಣಗುತ್ತೆ. ನಾನು ಎರಡು ಸಲ ಎದ್ದು ಅವನ ಪಾದ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಮರುದಿನ ಬೆಳಗ್ಗೆ ಮೂವರೂ ಹೊಳೆ ದಾಟಿ ಛತ್ರು ಕಡೆ ಇಳಿದೆವು. ಹಿಂದೆ ಬಿಟ್ಟ ಕುಲ್ಲು ಕಣಿವೆ ಹಸಿರು ಹಸಿರು, ಮುಂದಿನ ಲಾಹೌಲ್ ಬರೀ ಕಂದು ಬಣ್ಣದ ಒಣ ಬೆಟ್ಟ. ಮಳೆ ಮೋಡಗಳೆಲ್ಲ ಪಾಸ್‌ನ ಆಚೆಗೇ ನಿಂತಿದ್ದವು.

ಸಾಕು ಅಂದರೆ ಎಷ್ಟು?

ಈಗ ಯಾರಾದರೂ 'ಎಷ್ಟು ಬಟ್ಟೆ ಸಾಕು' ಅಂತ ಕೇಳಿದರೆ ನಾನು ಸಂಖ್ಯೆ ಹೇಳಲ್ಲ. ಮೂರು ಪ್ರಶ್ನೆ ಕೇಳ್ತೀನಿ. ಮೈಮೇಲಿದ್ದದ್ದೆಲ್ಲ ನೆನೆದರೆ ಪೂರ್ತಿ ಒಂದು ಜೊತೆ ಒಣಗಿದ್ದು ಉಳಿಯುತ್ತಾ? ಗಾಳಿಯಲ್ಲಿ ಒಂದು ಗಂಟೆ ಅಲ್ಲಾಡದೆ ನಿಲ್ಲೋಕೆ ಆಗುತ್ತಾ? ಪಕ್ಕದವರಿಗೆ ಒಂದು ಬಟ್ಟೆ ಕೊಟ್ಟರೂ ನಿನಗೆ ರಾತ್ರಿ ಕಳೆಯುತ್ತಾ? ಮೂರಕ್ಕೂ ಹೌದು ಅಂದರೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚಿಗೆ ಹೊತ್ತರೆ ಬರೀ ಮೊಣಕಾಲಿಗೆ ನೋವು. ಫೋಟೊಗೆ ಅಂತ ಇಟ್ಟುಕೊಳ್ಳೋ ನಾಲ್ಕನೇ ಟೀ-ಶರ್ಟ್, ಎರಡನೇ ಜೀನ್ಸ್ ಮನೆಯಲ್ಲೇ ಇರಲಿ. ತೂಕ ಉಳಿಸೋದಿದ್ದರೆ ಅಲ್ಲಿ ಉಳಿಸಿ.

ಊರಿಗೆ ಬಂದು ಮೂರು ವಾರಕ್ಕೆ ಒಂದು ಕೊರಿಯರ್ ಬಂತು. ಒಗೆದು ಮಡಚಿದ ಥರ್ಮಲ್, ಫ್ಲೀಸ್, ಟೋಪಿ, ಗ್ಲೌಸ್, ಜೊತೆಗೆ ಧಾರವಾಡ ಪೇಡೆ. ಅಮ್ಮನಿಗೆ ಇಷ್ಟೂ ಕಥೆ ಹೇಳಿದ್ದು ಆ ಪೇಡೆ ತಿನ್ನಿಸುವಾಗಲೇ. ಅವಳು ಬಯ್ಯಲಿಲ್ಲ. "ಮುಂದಿನ ಸಲ ಮೂರು ಟೋಪಿ ಇಟ್ಕೊಳ್ರಿ" ಅಂದಳು ಅಷ್ಟೇ.

ತಮ್ಮ ಈಗ ಆಫೀಸಿನ ಗೆಳೆಯರ ಜೊತೆ ಮತ್ತೊಂದು ಚಾರಣಕ್ಕೆ ಸಿದ್ಧವಾಗ್ತಿದ್ದಾನೆ. ಈ ಸಲ ನಾನಿಲ್ಲ. ಮೊನ್ನೆ ವಾಟ್ಸ್ಆ್ಯಪ್‌ನಲ್ಲಿ ಅವರ ಗುಂಪಿಗೆ ಅವನು ಕಳಿಸಿದ ಪಟ್ಟಿಯನ್ನು ನನಗೂ ಕಳಿಸಿದ್ದ. ಬ್ರಷ್ಷಿನ ಹಿಡಿ ಮುರಿಯೋ ಸಲಹೆ ಹಾಗೇ ಇದೆ. ಅದರ ಮೇಲೆ, ಎಲ್ಲಕ್ಕಿಂತ ಮೊದಲ ಸಾಲಿನಲ್ಲಿ ಬರೆದಿದ್ದಾನೆ: 'ಒಣ ಸೆಟ್, ಎರಡು ಪ್ಲಾಸ್ಟಿಕ್ ಚೀಲದಲ್ಲಿ, ಬ್ಯಾಗಿನ ತಳಕ್ಕೆ. ಹಾಕಿಕೊಳ್ಳದೇ ವಾಪಸ್ ತಂದರೆ ಸಂತೋಷ.'